ಕುರುಡು ಅಜ್ಜನ ಬಂದೂಕು: ಹಾರೂನರ ಸಿನಿಮಾಗಳಲ್ಲಿ ಚಾಡ್ ಮತ್ತು ಸುಡಾನ್

ಆಫ್ರಿಕಾದ ನಡುಭಾಗದಲ್ಲಿರುವ ಚಾಡ್ ದೇಶದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿ ಬಹಳ ಕಡಿಮೆ. ಬಂದರೂ ಅದು ದಂಗೆ, ದಾಳಿ, ನಿರಾಶ್ರಿತರ ಶಿಬಿರ ಎಂಬ ಮೂರು ಪದಗಳನ್ನು ದಾಟುವುದಿಲ್ಲ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಸ್ಲಿಮರು, ಫ್ರೆಂಚ್ ಮತ್ತು ಅರಬಿ ಎರಡೂ ಅಲ್ಲಿನ ಅಧಿಕೃತ ಭಾಷೆಗಳು ಎಂಬಂಥ ಸಾಮಾನ್ಯ ಸಂಗತಿಗಳೂ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಇಂಥ ದೇಶದ ಒಳಬದುಕನ್ನು ಜಗತ್ತಿಗೆ ಕಾಣಿಸಿದವರು ಚಿತ್ರ ನಿರ್ದೇಶಕ ಮಹಮ್ಮದ್ ಸಾಲಿಹ್ ಹಾರೂನ್. ಫ್ರೆಂಚರ ಬಾಯಲ್ಲಿ ಅವರ ಹೆಸರು ಮಹಮತ್ ಸಾಲೆ ಹಾರೂನ್ ಎಂದಾಗಿದೆ. 1961ರಲ್ಲಿ ಪೂರ್ವ ಚಾಡ್‌ನ ಅಬೇಷೆ ಪಟ್ಟಣದಲ್ಲಿ ಹುಟ್ಟಿದ ಅವರು ಅಂತರ್ಯುದ್ಧದ ಕಾಲದಲ್ಲಿ ದೇಶ ಬಿಟ್ಟು ಫ್ರಾನ್ಸಿನಲ್ಲಿ ನೆಲೆ ನಿಂತರು. ಆದರೆ ತಮ್ಮ ಮುಖ್ಯ ಸಿನಿಮಾಗಳನ್ನು ಚಾಡ್‌ಗೆ ಮರಳಿ ಹೋಗಿ ಅಲ್ಲಿಯೇ ಮಾಡಿದರು.

ಅವರ ಮೂರು ಸಿನಿಮಾಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬಯಸುತ್ತೇನೆ. 2002ರ 'ಅಬೂನಾ' (ನಮ್ಮಪ್ಪ), 2006ರ 'ದರಾತ್' (ಬೇಸಗೆಯ ಒಣಗಾಲ) ಮತ್ತು 2010ರ 'ಅನ್ ಓಮ್ ಕಿ ಕ್ರೀ' (ಚೀರುವ ಮನುಷ್ಯ). ಮೂರರಲ್ಲೂ ಕಾಣುವುದು ಅಪ್ಪ-ಮಕ್ಕಳ ಕಥೆ. ಮೂರರ ಬೆನ್ನಿಗೂ ಚಾಡ್‌ನ ಯುದ್ಧ, ಗಡಿ, ವಲಸೆಗಳ ಚರಿತ್ರೆ ನಿಂತಿದೆ. ವಿಶೇಷವೆಂದರೆ ಇವುಗಳಲ್ಲಿ ಯುದ್ಧದ ದೃಶ್ಯವೇ ಇಲ್ಲವೆನ್ನಬೇಕು. ಯುದ್ಧವು ರೇಡಿಯೋದ ದನಿಯಾಗಿ, ದೂರದ ಗುಂಡಿನ ಸದ್ದಾಗಿ, ತಲೆಯ ಮೇಲೆ ಹಾರುವ ಹೆಲಿಕಾಪ್ಟರಾಗಿ ಬರುತ್ತದೆ. ನಂತರ ಮನೆಯೊಳಗೆ ಒಬ್ಬರು ಕಾಣೆಯಾಗಿರುತ್ತಾರೆ. ಗಡಿಯಲ್ಲಿ ನಡೆದ ದಾಳಿಯ ಬೆಲೆಯನ್ನು ಯಾರು, ಎಲ್ಲಿ ತೆರುತ್ತಾರೆ ಎಂಬ ಪ್ರಶ್ನೆಗೆ ಹಾರೂನರು ಕೊಡುವ ಉತ್ತರವಿದು. ಇದು ಅವರ ಸಿನಿಮಾಗಳ ದೊಡ್ಡ ಬಲ. ಇದೇ ಅವುಗಳ ಮಿತಿಯೂ ಆಗಿದೆ ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಮೊದಲು ಗಡಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಚಾಡ್ ಮತ್ತು ಸುಡಾನ್ ನಡುವಿನ ಗಡಿ ಸುಮಾರು 1,400 ಕಿಲೋಮೀಟರ್ ಉದ್ದದ್ದು. ಇದನ್ನು ಎಳೆದವರು ಫ್ರೆಂಚರು ಮತ್ತು ಬ್ರಿಟಿಷರು. 20ನೆಯ ಶತಮಾನದ ಆರಂಭದಲ್ಲಿ ಅವರು ಮಸಾಲಿತ್ ಸಲ್ತನತ್ತನ್ನು ತಮ್ಮ ನಡುವೆ ಹಂಚಿಕೊಂಡರು. ಝಗಾವಾ ಸಮುದಾಯವೂ ಗೆರೆಯ ಎರಡೂ ಕಡೆ ಹರಿದುಹೋಯಿತು. ನಕ್ಷೆಯ ಮೇಲಿನ ಈ ಗೆರೆಯನ್ನು ಒಂಟೆ ಮೇಯಿಸುವವನು ಒಪ್ಪಲಿಲ್ಲ, ಬಂಡಾಯಗಾರನೂ ಒಪ್ಪಲಿಲ್ಲ. ಮೇಯಿಸುವವನಿಗೆ ಅದು ನೆಂಟರ ಊರಿನ ದಾರಿ. ಬಂಡಾಯಗಾರನಿಗೆ ಅದು ಸೋತಾಗ ಓಡುವ, ಗೆಲ್ಲಲು ಮರಳಿ ಬರುವ ದಾರಿ.

ಚಾಡ್‌ನ ಅಂತರ್ಯುದ್ಧ ಹುಟ್ಟಿದ್ದೇ ನೆರೆಮನೆಯಲ್ಲಿ. ಅಲ್ಲಿನ ಮೊದಲ ದೊಡ್ಡ ಬಂಡಾಯ ಸಂಘಟನೆಯಾದ ಫ್ರೋಲಿನಾ 1966ರಲ್ಲಿ ಸ್ಥಾಪನೆಯಾದದ್ದು ಸುಡಾನಿನ ದಾರ್ಫುರ್ ಪ್ರಾಂತ್ಯದ ನ್ಯಾಲಾ ಪಟ್ಟಣದಲ್ಲಿ. 1982ರ ಜೂನ್‌ನಲ್ಲಿ ರಾಜಧಾನಿ ಎನ್‌ಜಮೇನಾವನ್ನು ವಶಪಡಿಸಿಕೊಂಡ ಹಿಸೇನ್ ಹಬ್ರೆ ತನ್ನ ಪಡೆಯನ್ನು ಪುನಃ ಕಟ್ಟಿದ್ದು ಸುಡಾನ್ ಗಡಿಯಲ್ಲಿ. ಹಬ್ರೆಯ ಸೇನಾನಿಯಾಗಿದ್ದ ಇದ್ರಿಸ್ ದೆಬಿ 1989ರಲ್ಲಿ ಅವನೊಂದಿಗೆ ಜಗಳವಾಡಿ ದಾರ್ಫುರ್‌ಗೆ ಓಡಿದರು. ಲಿಬಿಯಾದ ಬೆಂಬಲ ಪಡೆದು 1990ರ ಡಿಸೆಂಬರಿನಲ್ಲಿ ಅದೇ ದಾರಿಯಿಂದ ಬಂದು ಅಧಿಕಾರ ಹಿಡಿದರು. ಹೀಗೆ ಅರಮನೆಗೆ ಹೋಗುವ ದಾರಿ ನೆರೆದೇಶದ ಮರಳಿನಿಂದ ಶುರುವಾಗುತ್ತದೆ ಎಂಬುದು ಚಾಡ್‌ನ ಪ್ರತಿಯೊಬ್ಬ ಆಳುವವನಿಗೂ ಗೊತ್ತಿದ್ದ ಸತ್ಯ. ಆದ್ದರಿಂದ ಅವರು ಶಾಲೆ, ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಪೂರ್ವದ ಮರಳುಗಾಡನ್ನು ಕಾಯುವುದರಲ್ಲಿಯೇ ತಮ್ಮ ಆಯುಷ್ಯ ಕಳೆದರು.

ಇದರ ಇನ್ನೊಂದು ಮುಖವೂ ಇದೆ. ಚಾಡ್‌ನ ಯುದ್ಧವೂ ಸುಡಾನನ್ನು ಕೆಡಿಸಿತು. 1980ರ ದಶಕದಲ್ಲಿ ಲಿಬಿಯಾದ ಗದ್ದಾಫಿ ಚಾಡ್ ವಿರುದ್ಧದ ತನ್ನ ಯುದ್ಧಕ್ಕೆ ದಾರ್ಫುರನ್ನು ಹಿತ್ತಿಲಿನಂತೆ ಬಳಸಿದರು. ಆಗ ಅಲ್ಲಿಗೆ ಬಂದಿಳಿದ ಬಂದೂಕುಗಳೂ ಅರಬ್ ಶ್ರೇಷ್ಠತೆಯ ಮಾತುಗಳೂ ಯುದ್ಧ ಮುಗಿದ ಮೇಲೆ ಹಿಂದಿರುಗಿ ಹೋಗಲಿಲ್ಲ. ಬರಗಾಲದಿಂದ ಮೇವು-ನೀರಿಗೆ ಜಗಳ ಹುಟ್ಟಿದ್ದ ನೆಲದಲ್ಲಿ ಅವು ಬೇರೂರಿದವು. 2003ರಲ್ಲಿ ದಾರ್ಫುರ್‌ನಲ್ಲಿ ದಂಗೆ ಎದ್ದಾಗ ಖಾರ್ತೂಮ್ ಸರ್ಕಾರ ಜಂಜವೀದ್ ಎಂಬ ಸವಾರರ ಪಡೆಗಳನ್ನು ಹಳ್ಳಿಗಳ ಮೇಲೆ ಬಿಟ್ಟಿತು. ವಿಶ್ವಸಂಸ್ಥೆಯ ಅಂದಾಜಿನಂತೆ ಆ ಯುದ್ಧ ಮತ್ತು ಅದು ತಂದ ಹಸಿವು-ರೋಗಗಳಲ್ಲಿ ಸುಮಾರು 3 ಲಕ್ಷ ಜನ ಸತ್ತರು. 2 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಚಾಡ್‌ಗೆ ಬಂದರು. ಸತ್ತವರೂ ಮುಸ್ಲಿಮರು, ಕೊಂದವರೂ ಮುಸ್ಲಿಮರು.

ಅಲ್ಲಿಂದ ಮುಂದೆ ಎರಡು ಸರ್ಕಾರಗಳೂ ಪರಸ್ಪರರ ಬಂಡಾಯಗಾರರನ್ನು ಸಾಕತೊಡಗಿದವು. 2005ರ ಡಿಸೆಂಬರಿನಲ್ಲಿ ಚಾಡ್‌ನ ಗಡಿಪಟ್ಟಣ ಅದ್ರೇ ಮೇಲೆ ದಾಳಿಯಾಯಿತು. 2006ರ ಏಪ್ರಿಲ್ 13ರಂದು ಸುಡಾನ್ ಬೆಂಬಲದ ಬಂಡಾಯಗಾರರು ಪಿಕಪ್ ವಾಹನಗಳಲ್ಲಿ ಮರಳುಗಾಡು ದಾಟಿ ಎನ್‌ಜಮೇನಾದೊಳಗೇ ನುಗ್ಗಿದರು. 2008ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಬಂದು ಅಧ್ಯಕ್ಷರ ಅರಮನೆಯ ಸಮೀಪದವರೆಗೆ ತಲುಪಿದರು. ಮೂರೇ ತಿಂಗಳ ನಂತರ, ಮೇ 10ರಂದು, ಚಾಡ್ ಸಾಕಿದ್ದ ದಾರ್ಫುರ್‌ನ ಬಂಡಾಯ ಪಡೆ ಖಾರ್ತೂಮಿಗೆ ಅಂಟಿಕೊಂಡಿರುವ ಓಮ್ದುರ್ಮಾನ್ ನಗರವನ್ನು ಹೊಕ್ಕಿತು. ಕೊಟ್ಟದ್ದನ್ನು ಹಿಂದಿರುಗಿಸುವ ಮುಯ್ಯಿಯಂತೆ ಈ ದಾಳಿಗಳು ನಡೆದವು.

2006ರ ಆ ಏಪ್ರಿಲ್‌ನಲ್ಲಿ ಹಾರೂನರು ಎನ್‌ಜಮೇನಾದಲ್ಲಿ 'ದರಾತ್' ಚಿತ್ರೀಕರಿಸುತ್ತಿದ್ದರು. ಅಂತರ್ಯುದ್ಧ ಮುಗಿದ ನಂತರದ ಕಥೆಯನ್ನು ಹೇಳುತ್ತಿದ್ದ ಸಿನಿಮಾದ ಕೆಲಸಕ್ಕೆ ಮತ್ತೊಂದು ಯುದ್ಧ ಬಂದು ಅಡ್ಡಿಮಾಡಿತು. ಇದಕ್ಕಿಂತ ವಿಪರ್ಯಾಸದ ಸಂಗತಿ ಇನ್ನೊಂದಿದೆ. ಆ ದಾಳಿಯ ನಾಯಕ ಮಹಮತ್ ನೂರ್ ಅದೇ ವರ್ಷದ ಕೊನೆಗೆ ದೆಬಿಯೊಂದಿಗೆ ಒಪ್ಪಂದ ಮಾಡಿಕೊಂಡರು. 2007ರ ಮಾರ್ಚಿನಲ್ಲಿ ಚಾಡ್‌ನ ರಕ್ಷಣಾ ಮಂತ್ರಿಯಾದರು. ರಾಜಧಾನಿಯ ಮೇಲೆ ಏರಿ ಬಂದವರು ಒಂದು ವರ್ಷ ತುಂಬುವ ಮೊದಲೇ ರಾಜಧಾನಿಯನ್ನು ಕಾಯುವವರಾದರು. ಆ ದಿನ ಬೀದಿಯಲ್ಲಿ ಸತ್ತವರ ಮಕ್ಕಳಿಗೆ ಇದನ್ನು ಯಾರು ವಿವರಿಸಬೇಕು? 'ದರಾತ್' ಎತ್ತಿಕೊಂಡಿರುವುದು ಈ ಪ್ರಶ್ನೆಯನ್ನೇ.

ಅದಕ್ಕೂ ಮುಂಚಿನ 'ಅಬೂನಾ' ಈ ಪ್ರಶ್ನೆಗೆ ಪೀಠಿಕೆಯಂತಿದೆ. ಒಂದು ಬೆಳಿಗ್ಗೆ ತಾಹಿರ್ ಮತ್ತು ಅಮೀನ್ ಎಂಬ ಇಬ್ಬರು ಹುಡುಗರು ಎದ್ದು ನೋಡಿದರೆ ಅಪ್ಪ ಮನೆಯಲ್ಲಿಲ್ಲ. ಜವಾಬ್ದಾರಿಯಿಲ್ಲದ ಮನುಷ್ಯ ಎಂದು ತಾಯಿ ಹೇಳುತ್ತಾಳೆ. ಚಿಕ್ಕವನು ಆ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುತ್ತಾನೆ. ಆಮೇಲೆ ಅವರು ಅಪ್ಪನನ್ನು ಊರೆಲ್ಲ ಹುಡುಕುತ್ತಾರೆ. ಸಿನಿಮಾ ಮಂದಿರದ ಪರದೆಯ ಮೇಲೆ ಕಂಡವನು ಅಪ್ಪನೇ ಎಂದು ನಂಬಿ ರೀಲನ್ನೇ ಕದಿಯುತ್ತಾರೆ. ಅಪ್ಪ ಹೋದದ್ದು ಯಾಕೆ ಎಂಬುದನ್ನು ಸಿನಿಮಾ ಹೇಳುವುದಿಲ್ಲ. ಕೆಲಸಕ್ಕೋ, ಭಯಕ್ಕೋ, ಬೇಸರಕ್ಕೋ, ಅವನು ಗಡಿಯಾಚೆ ಹೋಗಿದ್ದಾನೆ. ಎನ್‌ಜಮೇನಾದ ಪಕ್ಕದಲ್ಲೇ ಶಾರಿ ನದಿ ಇದೆ, ಆಚೆ ದಡದಲ್ಲಿ ಕ್ಯಾಮರೂನಿನ ಕುಸ್ಸೇರಿ ಪಟ್ಟಣ. 1979-80ರ ಕಾಳಗಗಳಲ್ಲಿ ರಾಜಧಾನಿಯ ಜನ ಗಂಟುಮೂಟೆ ಹೊತ್ತು ದಾಟಿದ್ದು ಈ ನದಿಯನ್ನೇ. ಹಾಗಾಗಿ ಚಾಡ್‌ನ ಪ್ರೇಕ್ಷಕನಿಗೆ ಗಡಿ ಎಂಬುದು ಅಪ್ಪಂದಿರು ಹೋಗಿ ಮರಳದ ಜಾಗ. ಈ ಸಿನಿಮಾದಲ್ಲಿ ಒಂದೂ ಬಂದೂಕು ಸಿಡಿಯದಿದ್ದರೂ ಯುದ್ಧದ ದೇಶವೊಂದರಲ್ಲಿ ಬೆಳೆಯುವುದು ಹೇಗಿರುತ್ತದೆ ಎಂಬುದು ಅರ್ಥವಾಗುತ್ತದೆ.

'ದರಾತ್'ನ ನಾಯಕ ಹದಿನಾರು ವರ್ಷದ ಹುಡುಗ. ಅವನ ಹೆಸರು ಅತೀಮ್. ಚಾಡ್‌ನ ಅರಬಿಯಲ್ಲಿ ಹಾಗೆಂದರೆ ನಾವು ಹೇಳುವ ಯತೀಮ್, ತಬ್ಬಲಿ. ಅವನು ಹುಟ್ಟುವ ಮೊದಲೇ ಅಪ್ಪನನ್ನು ಅಂತರ್ಯುದ್ಧದಲ್ಲಿ ಕೊಲ್ಲಲಾಗಿದೆ. ಸಿನಿಮಾದ ಆರಂಭದಲ್ಲಿ ಹುಡುಗ ಮತ್ತು ಅವನ ಕುರುಡು ಅಜ್ಜ ರೇಡಿಯೋಗೆ ಕಿವಿಕೊಟ್ಟು ಕೂತಿದ್ದಾರೆ. ಯುದ್ಧಾಪರಾಧಗಳ ವಿಚಾರಣೆಯ ಫಲಿತಾಂಶ ಬರಬೇಕಾಗಿದೆ. ಎಲ್ಲ ಅಪರಾಧಿಗಳಿಗೂ ಸಾರ್ವತ್ರಿಕ ಕ್ಷಮಾದಾನ ನೀಡಲಾಗಿದೆ ಎಂದು ಸರ್ಕಾರ ಸಾರುತ್ತದೆ. ಅಜ್ಜ ಒಳಗಿನಿಂದ ಮಗನ ಬಂದೂಕನ್ನು ತಂದು ಮೊಮ್ಮಗನ ಕೈಗಿಡುತ್ತಾನೆ. ಹುಡುಗ ರಾಜಧಾನಿಗೆ ಹೋಗಿ ಅಪ್ಪನನ್ನು ಕೊಂದ ನಸ್ಸಾರಾನನ್ನು ಕೊಲ್ಲಬೇಕು.

ನಸ್ಸಾರಾ ಈಗ ಬ್ರೆಡ್ ಬೇಯಿಸುವ ಭಟ್ಟಿಯ ಮಾಲೀಕ. ಮಸೀದಿಗೆ ತಪ್ಪದೆ ಹೋಗುತ್ತಾನೆ. ಭಟ್ಟಿಯ ಬಾಗಿಲಿಗೆ ಬರುವ ಬಡಮಕ್ಕಳಿಗೆ ಬ್ರೆಡ್ ಹಂಚುತ್ತಾನೆ. ಯುದ್ಧದಲ್ಲಿ ಯಾರೋ ಅವನ ಕುತ್ತಿಗೆಯನ್ನೂ ಕೊಯ್ದಿದ್ದರಿಂದ ಗಂಟಲಿಗೆ ಯಂತ್ರ ಹಿಡಿದು ಮಾತಾಡುತ್ತಾನೆ. ಕೊಲೆಗಾರನ ದನಿಯೂ ಯುದ್ಧದಲ್ಲಿ ಹೋಗಿದೆ. ಮೊದಲ ದಿನ ಅವನು ಕೊಟ್ಟ ಬ್ರೆಡ್ಡನ್ನು ಹುಡುಗ ಉಗಿದುಬಿಡುತ್ತಾನೆ. ನಂತರ ಅವನಲ್ಲೇ ಕೆಲಸಕ್ಕೆ ಸೇರುತ್ತಾನೆ. ಹಿಟ್ಟು ನಾದಲು, ಹದ ನೋಡಲು ಕಲಿಯುತ್ತಾನೆ. ನಸ್ಸಾರಾನ ಎಳೆವಯಸ್ಸಿನ ಹೆಂಡತಿ ಆಯಿಶಾ ಬಸುರಿ. ಆ ಮಗು ಉಳಿಯುವುದಿಲ್ಲ. ಮಗನಿಲ್ಲದ ನಸ್ಸಾರಾ ಅಪ್ಪನಿಲ್ಲದ ಹುಡುಗನನ್ನು ದತ್ತು ಕೇಳುತ್ತಾನೆ. ಹುಡುಗನ ಅಪ್ಪನ ಒಪ್ಪಿಗೆ ಪಡೆಯಬೇಕೆಂದು ಅವನೊಂದಿಗೆ ಹಳ್ಳಿಗೆ ಹೊರಡುತ್ತಾನೆ. ತಾನು ಕೊಂದವನ ಬಳಿ ಅನುಮತಿ ಕೇಳಲು ಹೊರಟಿದ್ದೇನೆಂದು ಅವನಿಗೆ ತಿಳಿದಿಲ್ಲ.

ಈ ಕಥೆಯನ್ನು ಸೇಡು ಮತ್ತು ಕ್ಷಮೆಯ ಕಥೆಯೆಂದು ಮೆಚ್ಚಿಕೊಳ್ಳುವುದು ಸುಲಭ. ಆದರೆ ಒಂದು ಮುಸ್ಲಿಂ ಸಮಾಜದೊಳಗಿನಿಂದ ನೋಡಿದರೆ ಇದಕ್ಕೆ ಇನ್ನೊಂದು ಪದರವಿದೆ. ಇಸ್ಲಾಮಿನ ಕಿಸಾಸ್ ತತ್ವದಂತೆ ಕೊಲೆಯಾದಾಗ ಶಿಕ್ಷೆ ಕೇಳುವ ಹಕ್ಕು ಮೃತನ ವಾರಸುದಾರರದ್ದು. ದಿಯತ್, ಅಂದರೆ ಪರಿಹಾರಧನ, ಪಡೆದು ಬಿಡುವ ಹಕ್ಕೂ ಅವರದ್ದೇ. ಏನನ್ನೂ ಪಡೆಯದೆ ಕ್ಷಮಿಸುವ ಹಕ್ಕೂ ಅವರದ್ದೇ. ಈ ಮೂರನೆಯದನ್ನು ಕುರ್‌ಆನ್ ಮೇಲೆಂದು ಎಣಿಸುತ್ತದೆ. ಪ್ರಭುತ್ವದ ಕೆಲಸ ವಿಚಾರಣೆ ನಡೆಸಿ ಸತ್ಯವನ್ನು ನಿರ್ಧರಿಸುವುದು. ಚಾಡ್‌ನಲ್ಲಿ ದಿಯತ್ ಇಂದಿಗೂ ಬಳಕೆಯಲ್ಲಿರುವ ಪದ್ಧತಿ. ಇಂಥ ಸಮಾಜದಲ್ಲಿ ಸರ್ಕಾರವು ವಾರಸುದಾರರನ್ನು ಕೇಳದೆ ಎಲ್ಲರನ್ನೂ ಕ್ಷಮಿಸಿದರೆ ಅದು ತನ್ನದಲ್ಲದ ಸ್ವತ್ತನ್ನು ದಾನ ಮಾಡಿದಂತೆ. ಅತೀಮನಿಗೆ ನ್ಯಾಯ ಸಿಗಲಿಲ್ಲ ಎಂಬುದಷ್ಟೇ ಇಲ್ಲಿನ ದುರಂತವಲ್ಲ. ಕ್ಷಮಿಸುವ ಅವಕಾಶವನ್ನೂ ಅವನಿಂದ ಕಿತ್ತುಕೊಳ್ಳಲಾಗಿದೆ.

ಹಾಗೆಂದು ಅಜ್ಜನ ದಾರಿ ಸರಿಯೇ? ವಿಚಾರಣೆಯಿಲ್ಲದೆ ತಾನೇ ಬಂದೂಕು ಎತ್ತುವುದು ಕಿಸಾಸ್ ಆಗುವುದಿಲ್ಲ. ಹಜ್ರತ್ ಉಸ್ಮಾನರ ಹತ್ಯೆಯ ನಂತರ ಎದ್ದ ರಕ್ತದ ಹಕ್ಕಿನ ಕೂಗು ಹೇಗೆ ಮುಸ್ಲಿಮರ ಮೊದಲ ಅಂತರ್ಯುದ್ಧವಾಗಿ, ಫಿತ್ನಾ ಆಗಿ ಬೆಳೆಯಿತು ಎಂಬುದು ನಮಗೆಲ್ಲ ತಿಳಿದಿದೆ. ಕೂಗು ನ್ಯಾಯವಾದದ್ದೇ ಇರಬಹುದು. ಅದರ ಹೆಸರಿನಲ್ಲಿ ಹರಿದ ರಕ್ತಕ್ಕೆ ಲೆಕ್ಕವಿಲ್ಲ. ಹಾರೂನರ ಅಜ್ಜ ಕೆಟ್ಟವನಲ್ಲ, ನೊಂದವನು. ಆದರೆ ಅವನಿಗೆ ಕಣ್ಣಿಲ್ಲ. ತಾನು ನೋಡಲಾಗದ ಕೊಲೆಯನ್ನು ಮಗುವಿನ ಕೈಯಿಂದ ಮಾಡಿಸುತ್ತಾನೆ. ಕೊನೆಯಲ್ಲಿ ಹುಡುಗ ನಸ್ಸಾರಾನ ಬಟ್ಟೆ ಬಿಚ್ಚಿಸಿ ಮರಳಿನ ಮೇಲೆ ಮಲಗಿಸಿ ಗಾಳಿಯಲ್ಲಿ ಗುಂಡು ಹಾರಿಸುತ್ತಾನೆ. ಸದ್ದು ಕೇಳಿದ ಅಜ್ಜ ಸೇಡು ತೀರಿತೆಂದು ನಂಬುತ್ತಾನೆ. ಕೈ ನಡುಗಲಿಲ್ಲವೇ ಎಂದು ವಿಚಾರಿಸುತ್ತಾನೆ. ಇಲ್ಲ ಎನ್ನುತ್ತಾನೆ ಹುಡುಗ. ಇಬ್ಬರೂ ನಡೆದು ಹೋಗುತ್ತಾರೆ.

ಹುಡುಗನ ಕ್ಷಮೆ ಸಾಧ್ಯವಾಗಿದ್ದು ಒಂದು ಸುಳ್ಳಿನ ಮರೆಯಲ್ಲಿ. ಸತ್ಯ ಗೊತ್ತಾದರೆ ಅಜ್ಜ ಬಂದೂಕನ್ನು ಮತ್ತೆ ತುಂಬಿಸುತ್ತಾನೆ. ಈ ಅಂತ್ಯ ಪ್ರೇಕ್ಷಕನನ್ನು ಸಮಾಧಾನದಿಂದ ಮನೆಗೆ ಕಳಿಸುವಂಥದ್ದಲ್ಲ. ಸತ್ಯವೂ ಶಾಂತಿಯೂ ಒಟ್ಟಿಗೆ ಬಾರದ ದೇಶದಲ್ಲಿ ಹದಿನಾರರ ಹುಡುಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು ಎಂಬ ಸಂಕಟ ಅದರಲ್ಲಿದೆ. ವೆನಿಸ್ ಚಿತ್ರೋತ್ಸವದಲ್ಲಿ 'ದರಾತ್' ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು. ಹಾರೂನರ ಸಿನಿಮಾಗಳಲ್ಲಿ ನನಗೆ ಇದೇ ಶ್ರೇಷ್ಠವೆನಿಸುತ್ತದೆ.

ನಾಲ್ಕು ವರ್ಷಗಳ ನಂತರ ಬಂದ 'ಚೀರುವ ಮನುಷ್ಯ'ದಲ್ಲಿ ಕಥೆ ತಿರುವುಮುರುವಾಗಿದೆ. ಶೀರ್ಷಿಕೆ ಮಾರ್ಟಿನಿಕ್‌ನ ಕವಿ ಎಮೆ ಸೆಸೇರ್ ಅವರ ಕಾವ್ಯದಿಂದ ಬಂದದ್ದು. ನಸ್ಸಾರಾನ ಪಾತ್ರ ಮಾಡಿದ್ದ ಯೂಸುಫ್ ಜಾರೋ ಇಲ್ಲಿ ಆದಮ್ ಆಗಿದ್ದಾರೆ. ಆದಮ್ ಒಂದು ಕಾಲದ ಈಜು ಚಾಂಪಿಯನ್, ಈಗ ಎನ್‌ಜಮೇನಾದ ದೊಡ್ಡ ಹೋಟೆಲಿನ ಈಜುಕೊಳ ನೋಡಿಕೊಳ್ಳುವವನು. ಹೋಟೆಲು ಚೀನೀ ಮಾಲೀಕರ ಕೈಗೆ ಹೋದ ಮೇಲೆ ವಯಸ್ಸಾದ ಅವನನ್ನು ಗೇಟು ಕಾಯಲು ಹಾಕಿ, ಕೊಳವನ್ನು ಅವನ ಮಗ ಅಬ್ದೆಲ್‌ಗೆ ಒಪ್ಪಿಸುತ್ತಾರೆ. ಇದೇ ಹೊತ್ತಿಗೆ ಬಂಡಾಯಗಾರರು ಮುನ್ನುಗ್ಗುತ್ತಿದ್ದಾರೆಂಬ ಸುದ್ದಿ. ಯುದ್ಧಕ್ಕೆ ದೇಣಿಗೆ ಕೊಡು ಎಂದು ಮೊಹಲ್ಲಾದ ಮುಖ್ಯಸ್ಥ ಪೀಡಿಸುತ್ತಾನೆ. ದುಡ್ಡಿಲ್ಲದ ಆದಮ್ ಮಗನನ್ನು ಸೈನ್ಯಕ್ಕೆ ಕೊಡುತ್ತಾನೆ. ಸೈನಿಕರು ಬಂದು ಮಗನನ್ನು ಎಳೆದೊಯ್ಯುವಾಗ ಅಪ್ಪ ಒಳಗೇ ಉಳಿಯುತ್ತಾನೆ. ಕೊಳ ಮತ್ತೆ ಅವನಿಗೆ ಸಿಗುತ್ತದೆ.

ಈದುಲ್ ಅಜ್‌ಹಾದ ಹಿನ್ನೆಲೆಯುಳ್ಳ ಯಾವ ಓದುಗನಿಗೂ ಇಲ್ಲಿ ಹಜ್ರತ್ ಇಬ್ರಾಹೀಮರ ನೆನಪಾಗದೆ ಇರದು. ಆದರೆ ಆ ಕಥೆಯಲ್ಲಿ ಅಲ್ಲಾಹನು ಮಗನನ್ನು ಉಳಿಸಿ ಬಲಿಪಶುವನ್ನು ಕಳಿಸುತ್ತಾನೆ. ಪ್ರಭುತ್ವಕ್ಕೆ ಕೊಟ್ಟ ಬಲಿಯಲ್ಲಿ ಅಂಥ ಕರುಣೆಯಿಲ್ಲ. ಆದಮ್ ಬಲಿ ಕೊಟ್ಟದ್ದು ದೇಶಕ್ಕೂ ಅಲ್ಲ, ಒಂದು ಈಜುಕೊಳಕ್ಕೆ. ಜನಸಾಮಾನ್ಯರು ಯುದ್ಧಕ್ಕೆ ಕೈಜೋಡಿಸುವುದು ಬಹುತೇಕ ಹೀಗೆಯೇ. ದೊಡ್ಡ ಸಿದ್ಧಾಂತಗಳಿಂದಲ್ಲ, ಕೆಲಸ ಉಳಿಸಿಕೊಳ್ಳುವ, ಮಾನ ಉಳಿಸಿಕೊಳ್ಳುವ ಸಣ್ಣ ಆಸೆಗಳಿಂದ. ಗಡಿಯಾಚೆಯಿಂದ ಬಂದ ಬಂಡಾಯಗಾರ ಆದಮನ ಮನೆಗೆ ಕಾಲಿಡಲೇ ಇಲ್ಲ. ಆದರೂ ಆ ಮನೆ ಹಾಳಾಯಿತು. ಪಶ್ಚಾತ್ತಾಪದಿಂದ ಬೆಂದ ಅವನು ಕೊನೆಗೆ ಸೈಡ್‌ಕಾರ್ ಇರುವ ಮೋಟಾರ್ ಸೈಕಲ್ ಏರಿ, ಊರು ಬಿಟ್ಟು ಓಡುತ್ತಿರುವ ಜನರ ನಡುವೆ ಎದುರಾಗಿ ಸಾಗಿ, ಗಾಯಗೊಂಡ ಮಗನನ್ನು ಸೇನೆಯ ಆಸ್ಪತ್ರೆಯಿಂದ ಕದ್ದು ತರುತ್ತಾನೆ. ಮಗ ದಾರಿಯಲ್ಲೇ ಸಾಯುತ್ತಾನೆ. ಅಪ್ಪ ಅವನ ದೇಹವನ್ನು ನದಿಗೆ ಬಿಡುತ್ತಾನೆ. ಕಾನ್ ಚಿತ್ರೋತ್ಸವ ಈ ಸಿನಿಮಾಕ್ಕೆ ತೀರ್ಪುಗಾರರ ಬಹುಮಾನ ಕೊಟ್ಟಿತು. ಅದರ ಪ್ರಭಾವದಿಂದ ಚಾಡ್ ಸರ್ಕಾರ ಪಾಳುಬಿದ್ದಿದ್ದ ನಾರ್ಮಂಡಿ ಚಿತ್ರಮಂದಿರವನ್ನು ದುರಸ್ತಿ ಮಾಡಿಸಿ 2011ರಲ್ಲಿ ತೆರೆಯಿತು.

ಇಷ್ಟನ್ನು ಮೆಚ್ಚಿದ ಮೇಲೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಮೊದಲನೆಯದು, ಈ ಸಿನಿಮಾಗಳಲ್ಲಿ ನೆರೆಯವನು ಎಲ್ಲಿದ್ದಾನೆ? 'ಚೀರುವ ಮನುಷ್ಯ'ದಲ್ಲಿ ಬಂಡಾಯಗಾರರಿಗೆ ಮುಖವಿಲ್ಲ, ಬೇಡಿಕೆಯಿಲ್ಲ, ಊರಿಲ್ಲ. ಅವರು ಎಲ್ಲಿಂದ ಬಂದರು, ಯಾರ ಪಿಕಪ್ ಓಡಿಸುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ದಾರ್ಫುರ್ ಮತ್ತು ಅಲ್ಲಿಂದ ಬಂದ ಲಕ್ಷಾಂತರ ನಿರಾಶ್ರಿತರು ಈ ಮೂರೂ ಕಥೆಗಳ ಹೊರಗಿದ್ದಾರೆ. ಹುಟ್ಟೂರು ಅಬೇಷೆ ಆ ಗಡಿಯ ಕಡೆಗೇ ಇದ್ದರೂ ಹಾರೂನರ ಕ್ಯಾಮೆರಾ ಎನ್‌ಜಮೇನಾದಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ಇದರಿಂದ ಯುದ್ಧವು ಮಳೆ-ಬಿಸಿಲಿನಂತೆ, ಯಾರೂ ಮಾಡದೆ ತಾನಾಗಿಯೇ ಬರುವ ಋತುವಿನಂತೆ ಕಾಣತೊಡಗುತ್ತದೆ. ಬಳಲಿದ ಜನರಿಗೆ ಯುದ್ಧ ಹಾಗೆ ಅನಿಸುವುದು ನಿಜ. ಆದರೆ ಯುದ್ಧಕ್ಕೆ ಮಾಡಿದವರಿದ್ದಾರೆ, ದುಡ್ಡು ಕೊಟ್ಟವರಿದ್ದಾರೆ. ಅವರ ಹೆಸರು ಹೇಳದ ಕಲೆ ಅವರಿಗೂ ಒಂದು ಬಗೆಯ ಕ್ಷಮಾದಾನವನ್ನೇ ಕೊಟ್ಟಂತಾಗುವುದಿಲ್ಲವೇ?

ಎರಡನೆಯದು ಹೆಚ್ಚು ಗಂಭೀರವಾದದ್ದು. ಈ ಸಿನಿಮಾಗಳಲ್ಲಿ ಚಾಡ್ ಯಾವಾಗಲೂ ದಾಳಿಗೊಳಗಾದ ದೇಶ. ಚಾಡ್ ಕೂಡ ದಾಳಿ ಮಾಡಿಸಿದ ದೇಶ ಎಂಬುದು ಎಲ್ಲಿಯೂ ಬರುವುದಿಲ್ಲ. 2008ರ ಫೆಬ್ರವರಿಯಲ್ಲಿ ಎನ್‌ಜಮೇನಾದಲ್ಲಿ ಒಬ್ಬ ಆದಮ್ ಅಳುತ್ತಿದ್ದರೆ, ಮೇ ತಿಂಗಳಲ್ಲಿ ಓಮ್ದುರ್ಮಾನಿನಲ್ಲಿ ಇನ್ನೊಬ್ಬ ಆದಮ್ ಅತ್ತಿರಬೇಕು. ಅವನ ಮಗನನ್ನು ಕೊಂದ ಗುಂಡಿಗೆ ದುಡ್ಡು ಹೋದದ್ದು ಎನ್‌ಜಮೇನಾದಿಂದ ಆಗಿರಬಹುದು. ಮೊದಲ ಆದಮನಿಂದ ವಸೂಲಿ ಮಾಡಿದ ದೇಣಿಗೆ ಎರಡನೆಯವನ ಮನೆ ಮುರಿಯುವ ಈ ಸರಪಳಿಯೇ ನೆರೆಹೊರೆ ದೇಶಗಳ ಅಂತರ್ಯುದ್ಧದ ಒಳಗುಟ್ಟು. ಹಾರೂನರು ಸರಪಳಿಯ ಒಂದು ಕೊಂಡಿಯನ್ನು ಮನಕಲಕುವಂತೆ ತೋರಿಸುತ್ತಾರೆ, ಅದು ಯಾವುದಕ್ಕೆ ಸೇರಿಕೊಂಡಿದೆ ಎಂಬುದನ್ನು ತೋರಿಸುವುದಿಲ್ಲ.

ಮೂರನೆಯದು ಫ್ರಾನ್ಸಿನ ವಿಷಯ. ಚಾಡ್‌ನ ಆಳುವವರ ಬೆನ್ನಿಗೆ ದಶಕಗಳ ಕಾಲ ಫ್ರೆಂಚ್ ಸೇನೆ ನಿಂತಿತ್ತು. 2006ರಲ್ಲಿ ಬಂಡಾಯಗಾರರನ್ನು ಎಚ್ಚರಿಸಲು ಗುಂಡು ಹಾರಿಸಿದ್ದು ಫ್ರೆಂಚ್ ಯುದ್ಧವಿಮಾನ. ಆ ಸೇನೆ ಚಾಡ್ ಬಿಟ್ಟು ಹೊರಟದ್ದು 2025ರ ಜನವರಿಯಲ್ಲಿ. ಹೋಟೆಲು ಕೊಂಡ ಚೀನೀ ಮಾಲೀಕಳಿಗೆ ಸಿನಿಮಾದಲ್ಲಿ ಒಂದು ಪಾತ್ರ ಸಿಕ್ಕಿದೆ. ಫ್ರಾನ್ಸಿಗೆ ಅಂಥ ಪಾತ್ರವಿಲ್ಲ. ಈ ಸಿನಿಮಾಗಳ ನಿರ್ಮಾಣಕ್ಕೆ ಹಣ ಬಹುಮಟ್ಟಿಗೆ ಯುರೋಪಿನಿಂದ ಬಂದದ್ದು. ಹಣಕ್ಕೂ ಈ ಮೌನಕ್ಕೂ ಸಂಬಂಧ ಕಲ್ಪಿಸಲು ನನ್ನಲ್ಲಿ ಆಧಾರವಿಲ್ಲ. ಆದರೆ ಬಡದೇಶದ ಕಲಾವಿದ ತನ್ನ ಜನರ ಕಥೆಯನ್ನು ಹೇಳಲು ಹಳೆಯ ಯಜಮಾನನ ಬೊಕ್ಕಸದ ಮುಂದೆ ನಿಲ್ಲಬೇಕಾದ ಸ್ಥಿತಿಯೇ ಒಂದು ವಸಾಹತು ಉಳಿಕೆ ಎಂಬುದನ್ನು ಮರೆಯಬಾರದು.

ಹಾರೂನರು ಹೆಸರು ಹೇಳುವ ಕೆಲಸವನ್ನು ಮಾಡಲೇ ಇಲ್ಲವೆಂದರೆ ತಪ್ಪಾಗುತ್ತದೆ. 2016ರಲ್ಲಿ ಅವರು ಹಿಸೇನ್ ಹಬ್ರೆಯ ಕಾಲದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 1982ರಿಂದ 1990ರವರೆಗಿನ ಆ ಆಳ್ವಿಕೆಯಲ್ಲಿ ಸುಮಾರು 40,000 ಜನ ಸತ್ತರೆಂದು ಚಾಡ್‌ನ ತನಿಖಾ ಆಯೋಗ 1992ರಲ್ಲೇ ಅಂದಾಜಿಸಿತ್ತು. ಸಂತ್ರಸ್ತರ ಸಂಘದ ಮುಖಂಡ ಕ್ಲೆಮಾಂ ಅಬೈಫೂತಾ ಬದುಕುಳಿದವರ ಮನೆಮನೆಗೆ ಹೋಗಿ ಮಾತಾಡಿಸುವುದನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಸೆರೆಮನೆಯಲ್ಲಿದ್ದಾಗ ಸತ್ತ ಕೈದಿಗಳನ್ನು ಹೂಳುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದವರು ಅವರು. ಈ ಜನ ಬಂದೂಕು ಎತ್ತಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಇಪ್ಪತ್ತೈದು ವರ್ಷ ಬಿಡದೆ ಹೋರಾಡಿದರು. 2016ರ ಮೇ 30ರಂದು ಸೆನೆಗಲ್‌ನ ಡಾಕಾರ್‌ನಲ್ಲಿ ಆಫ್ರಿಕನ್ ಒಕ್ಕೂಟದ ಬೆಂಬಲದ ವಿಶೇಷ ನ್ಯಾಯಾಲಯ ಹಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿತು. 'ದರಾತ್'ನ ಅತೀಮನಿಗೆ ಕಾಣದಿದ್ದ ಮೂರನೆಯ ದಾರಿ ಇದು. ಕಥಾಚಿತ್ರದಲ್ಲಿ ಹಾರೂನರು ಊಹಿಸಲಾಗದ ನ್ಯಾಯವನ್ನು ಅವರ ದೇಶದ ವಿಧವೆಯರೂ ಅಂಗವಿಕಲರೂ ನಿಜಜೀವನದಲ್ಲಿ ದಕ್ಕಿಸಿಕೊಂಡರು.

ಎರಡು ದೇಶಗಳ ಕಥೆಯೂ 'ದರಾತ್'ನ ಅಂತ್ಯವನ್ನೇ ಹೋಲುವಂತೆ ಸಾಗಿತು. 2010ರ ಜನವರಿಯಲ್ಲಿ ಚಾಡ್ ಮತ್ತು ಸುಡಾನ್ ಒಪ್ಪಂದ ಮಾಡಿಕೊಂಡವು. ಪರಸ್ಪರರ ಬಂಡಾಯಗಾರರಿಗೆ ಕೊಡುತ್ತಿದ್ದ ಆಸರೆ ನಿಲ್ಲಿಸಿದವು, ಜಂಟಿ ಗಡಿಪಡೆ ರಚಿಸಿದವು. ಯಾವ ಹಳ್ಳಿಯನ್ನು ಯಾರು ಸುಟ್ಟರೆಂದು ಯಾರೂ ಕೇಳಲಿಲ್ಲ. ಗಾಳಿಯಲ್ಲಿ ಗುಂಡು ಹಾರಿಸಿ ಸೇಡು ತೀರಿತೆಂದು ಹೇಳಿದ ಹಾಗೆ. ಆ ಅರೆಸುಳ್ಳಿನ ಶಾಂತಿ ಆ ಗಡಿಯಲ್ಲಿ ಹಲವು ವರ್ಷ ಉಳಿಯಿತು. ಅದರಿಂದ ಉಳಿದ ಜೀವಗಳನ್ನು ಹಗುರವಾಗಿ ಕಾಣಬಾರದು. ಆದರೆ ವಿಚಾರಣೆಗೆ ಒಳಗಾಗದ ಜಂಜವೀದ್ ಪಡೆಗಳು ಸುಡಾನಿನಲ್ಲಿ ಕ್ಷಿಪ್ರ ಬೆಂಬಲ ಪಡೆ ಎಂಬ ಅಧಿಕೃತ ಹೆಸರು ಪಡೆದು ಬೆಳೆದವು. 2023ರ ಏಪ್ರಿಲ್ 15ರಂದು ಆ ಪಡೆಗೂ ಸುಡಾನ್ ಸೇನೆಗೂ ಯುದ್ಧ ಶುರುವಾಯಿತು. ಆ ಜೂನ್‌ನಲ್ಲಿ ಎಲ್ ಜೆನೀನಾದಲ್ಲಿ ಮಸಾಲಿತರ ಮಾರಣಹೋಮ ನಡೆದು ಲಕ್ಷಾಂತರ ಜನ ಮತ್ತೆ ಅದ್ರೇ ಪಟ್ಟಣಕ್ಕೆ ಓಡಿಬಂದರು. 2025ರ ಅಕ್ಟೋಬರಿನಲ್ಲಿ ಎಲ್ ಫಾಶಿರ್ ನಗರವೂ ಆ ಪಡೆಯ ಕೈಸೇರಿತು. ಸಂಯುಕ್ತ ಅರಬ್ ಎಮಿರೇಟ್ಸ್‌ನ ಶಸ್ತ್ರಗಳು ಚಾಡ್‌ನ ಅಮ್ಜರಾಸ್ ವಿಮಾನ ನಿಲ್ದಾಣದ ಮೂಲಕ ಈ ಪಡೆಗೆ ಹೋಗುತ್ತಿವೆ ಎಂಬ ಆರೋಪಗಳು ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲಿ ಹೇಳಿದರು. ಎರಡೂ ದೇಶಗಳು ಇದನ್ನು ನಿರಾಕರಿಸಿವೆ. ಇತ್ತ ಇದ್ರಿಸ್ ದೆಬಿ 2021ರ ಏಪ್ರಿಲ್‌ನಲ್ಲಿ, ಲಿಬಿಯಾ ಗಡಿಯಿಂದ ನುಗ್ಗಿದ ಬಂಡಾಯಗಾರರ ವಿರುದ್ಧದ ಕಾಳಗದ ನಡುವೆ ಸತ್ತರು. ಗಡಿ ದಾಟಿ ಬಂದು ಅಧಿಕಾರ ಹಿಡಿದವರನ್ನು ಗಡಿ ದಾಟಿ ಬಂದವರೇ ಮುಗಿಸಿದರು. ಅವರ ಗದ್ದುಗೆ ಅವರ ಮಗನಿಗೆ ಹೋಯಿತು.

ಕೊನೆಯದಾಗಿ ನಮ್ಮ ಓದುಗರಿಗೆ ಸಂಬಂಧಿಸಿದ ಮಾತು. ಪ್ಯಾಲೆಸ್ತೀನ್, ಇರಾಕ್‌ಗಳ ಬಗ್ಗೆ ಮುಸ್ಲಿಂ ಸಮುದಾಯ ಎತ್ತಿದ ದನಿ ನ್ಯಾಯವಾದದ್ದು. ಆದರೆ ದಾರ್ಫುರ್‌ನ ಮಾತು ಬಂದಾಗ ಹಲವರು ಅದನ್ನು ಪಶ್ಚಿಮದ ಪಿತೂರಿಯೆಂದು ತಳ್ಳಿಹಾಕಿದರು, ಇಲ್ಲವೇ ಮೌನವಾದರು. ಕೊಲ್ಲುವವನು ಹೊರಗಿನವನಾದಾಗ ಮಾತ್ರ ಸತ್ತವನು ನಮ್ಮವನಾಗುತ್ತಾನೆಯೇ? ಕಪ್ಪು ಮುಸ್ಲಿಮನ ಜೀವಕ್ಕೆ ಉಮ್ಮತ್ತಿನ ಲೆಕ್ಕದಲ್ಲಿ ಬೆಲೆ ಕಡಿಮೆಯೇ? ಈ ಪ್ರಶ್ನೆಗಳನ್ನು ಹಾರೂನರು ನೇರವಾಗಿ ಕೇಳುವುದಿಲ್ಲ. ಆದರೆ ನಮಾಜಿಗೆ ಹೋಗಿಬರುವ ಕೊಲೆಗಾರನನ್ನೂ, ಮಗನನ್ನು ಮಾರಿದ ಅಪ್ಪನನ್ನೂ ನಮ್ಮ ಎದುರು ನಿಲ್ಲಿಸಿ, ಇವರು ಹೊರಗಿನವರಲ್ಲ ಎಂದು ಮನಗಾಣಿಸುತ್ತಾರೆ. ಅಷ್ಟರಮಟ್ಟಿಗೆ ಈ ಸಿನಿಮಾಗಳು ನಮಗೆ ಅಗತ್ಯ. ಅವು ಬಿಟ್ಟ ಕೆಲಸವೂ ಉಳಿದಿದೆ. ಗಡಿಯ ಆಚೆ ದಡದಲ್ಲಿ ನಿಂತು, ಎನ್‌ಜಮೇನಾದಿಂದ ಹೊರಟ ಗುಂಡು ಓಮ್ದುರ್ಮಾನಿನ ಯಾವ ಮನೆಗೆ ತಗುಲಿತು ಎಂದು ಹುಡುಕುವ ಸಿನಿಮಾವನ್ನು ಯಾರಾದರೂ ಮಾಡಬೇಕಾಗಿದೆ. ಅದನ್ನು ಚಾಡ್‌ನವರೇ ಮಾಡಿದರೆ ಇನ್ನೂ ಒಳ್ಳೆಯದು.